ಹೊಸ್ತಿಲಿನ ಸಾಲು

ನಾನು ಸಾಲಿ ಬಿಟ್ಟದ್ದು ೧೯೩೪ರಲ್ಲಿ, ನಾಲ್ಕನೇ ಇಯತ್ತೆಯ ನಡುವೆ. ಆಗ ನಮ್ಮದು ನಿಜಾಮರ ಸೀಮೆ. ಹಾಜರಿ ಪುಸ್ತಕದಲ್ಲಿ ಅದೇ ವರ್ಷವನ್ನು ಫಸಲಿ ೧೩೪೩ ಎಂದು ಬರೆಯುತ್ತಿದ್ದರು. ಮಾಸ್ತರರು ಉರ್ದುವಿನಲ್ಲಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಯೋಚಿಸಿ, ಮತ್ತೆ ಉರ್ದುವಿನಲ್ಲಿ ಉತ್ತರ ಹುಡುಕುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತಿತ್ತು. ಒಂದು ಮುಂಜಾನೆ ಅಪ್ಪ ನನ್ನ ಪಾಟಿಯನ್ನು ಗೂಟಕ್ಕೆ ನೇತುಹಾಕಿ ಕೈಗೆ ಕಟ್ಟಿಗೆ ಕೆತ್ತುವ ಬಾಚಿ ಕೊಟ್ಟ. ನಾವು ಬಡಿಗೇರರು. ಅಂದಿನಿಂದ ಯಾರ ಮುಂದೆಯೂ ಕೈಚಾಚದೆ ದುಡಿದು ತಿಂದಿದ್ದೇನೆ. ಕುಕನೂರಿನಿಂದ ಯಲಬುರ್ಗಿಯವರೆಗೆ ನಾನು ಮಾಡಿದ ಬಂಡಿಗಳು ಓಡಾಡಿವೆ, ಒಂದೂ ನಡುದಾರಿಯಲ್ಲಿ ಕೂತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಹೇಳಲಿರುವುದು ನನಗೆ ಮರ್ಯಾದೆ ತರುವ ಸಂಗತಿಯಲ್ಲ.

ಇವತ್ತು ಅಮಾವಾಸ್ಯೆ. ಅಮಾವಾಸ್ಯೆಯ ದಿನ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಡಿಗೇರರು ಬಾಚಿ ಮುಟ್ಟುವುದಿಲ್ಲ. ಎಪ್ಪತ್ತು ದಾಟಿದವನಿಗೆ ದಿನವೂ ಅಮಾವಾಸ್ಯೆಯೇ ಎಂದು ಮಗ ಚೇಷ್ಟೆ ಮಾಡುತ್ತಾನೆ. ಆದರೂ ನಾನು ಈಗಲೂ ಬೆಳಿಗ್ಗೆ ಎರಡು ತಾಸು ಕಟ್ಟಿಗೆ ಕೆತ್ತುವವನೇ. ಕೆಲಸವಿಲ್ಲದ ದಿನ ಈ ಕೈಗಳನ್ನು ಎಲ್ಲಿಡಬೇಕೆಂದು ನನಗೆ ತಿಳಿಯುವುದಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದೆ. ಓಣಿಯಲ್ಲಿ ಬಿಸಿಲು ನೆಟ್ಟಗೆ ಬಿದ್ದಿತ್ತು. ಆಗ ಕೇಳಿಸಿತು: ತೊಂಯ್. ಸ್ವಲ್ಪ ಬಿಟ್ಟು ಮತ್ತೆ, ತೊಂಯ್ ತೊಂಯ್.

ಹತ್ತಿ ಹಿಂಜುವ ಬಿಲ್ಲಿನ ಶಬ್ದ ಅದು. ನಿಮ್ಮಲ್ಲಿ ಕೆಲವರು ನೋಡಿರಲಾರರು. ಆಳುದ್ದದ ಕಟ್ಟಿಗೆ, ಅದಕ್ಕೆ ಬಿಗಿದ ನರದ ಹುರಿ. ಹತ್ತಿಯ ರಾಶಿಗೆ ಆ ಹುರಿಯನ್ನು ತಾಗಿಸಿ ಕಟ್ಟಿಗೆಯ ಗುಂಡಿನಿಂದ ಹೊಡೆದರೆ, ಹತ್ತಿ ಬಿಡಿಬಿಡಿಯಾಗಿ ಅರಳಿ ಗಾಳಿಗೆ ಏಳುತ್ತದೆ. ಈಗ ಅದೆಲ್ಲ ಮಷೀನಿನ ಕೆಲಸ. ಬಿಲ್ಲು ಹೊತ್ತವರು ನಮ್ಮ ಓಣಿಗೆ ಕಾಲಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಯಾರು ಬಂದರು ನೋಡು ಎಂದು ಸೊಸೆಗೆ ಹೇಳಿದೆ. ಅವಳು ಬಾಗಿಲಿಗೆ ಹೋಗಿ ಎರಡೂ ಕಡೆ ನೋಡಿ ಬಂದಳು.

"ಯಾರೂ ಇಲ್ರೀ ಮಾವಾರ. ಬಿಸಲಿಗೆ ಒಂದು ನಾಯಿ ಸೈತ ಇಲ್ಲ."

ನನಗೆ ಆಶ್ಚರ್ಯವಾಗಲಿಲ್ಲ. ಈ ಶಬ್ದ ನನ್ನನ್ನು ಹುಡುಕಿಕೊಂಡು ಬಂದದ್ದು ಇದೇ ಮೊದಲಲ್ಲ. ಮೊಮ್ಮಗಳ ಹಳೆಯ ನೋಟುಬುಕ್ಕಿನಲ್ಲಿ ಹಿಂದಿನ ಹಾಳೆಗಳು ಖಾಲಿ ಇದ್ದವು, ಕೇಳಿ ಇಸಿದುಕೊಂಡೆ. ವಿಷಯ ಇಷ್ಟೇ: ನನ್ನ ಹತ್ತಿರ ಬೇರೆಯವರದೊಂದು ವಸ್ತು ಉಳಿದಿದೆ. ಐವತ್ತು ವರ್ಷ ದಾಟಿತು. ವಸ್ತು ಅಂದರೆ ಹಾಡಿನ ಒಂದು ಸಾಲು. ಅದನ್ನು ಇಲ್ಲಿ ಬರೆದು ಹಗುರಾಗಬೇಕೆಂದು ಕೂತಿದ್ದೇನೆ. ಆದರೆ ಮೊದಲೇ ಬರೆದರೆ ಅದರ ತೂಕ ನಿಮಗೆ ತಿಳಿಯುವುದಿಲ್ಲ. ಕೊನೆಗೆ ಬರೆಯುತ್ತೇನೆ. ಅಲ್ಲಿಯವರೆಗೆ ನನ್ನ ಪಕ್ಕದಲ್ಲಿ ಸ್ವಲ್ಪ ಕೂತಿರಿ.

ನಮ್ಮ ಊರ ಅಗಸಿ ಬಾಗಿಲು ದಾಟಿ ಒಳಗೆ ಬಂದ ಕೂಡಲೇ ಒಂದು ದೊಡ್ಡ ಬೇವಿನ ಗಿಡ, ಅದರ ಸುತ್ತ ಕಲ್ಲಿನ ಕಟ್ಟೆ. ಆ ಕಾಲದಲ್ಲಿ ಅಮಾವಾಸ್ಯೆಯ ಮಧ್ಯಾಹ್ನ ಜನರೆಲ್ಲ ಅಲ್ಲಿ ಸೇರುತ್ತಿದ್ದರು. ಎತ್ತಿಗೆ ಬಿಡುವು, ಮನುಷ್ಯರಿಗೂ ಬಿಡುವು. ದೀಪ ಹಚ್ಚುವ ಹೊತ್ತಿಗೆ ಎಲ್ಲ ಮುಗಿಯುತ್ತಿತ್ತು. ಅದಕ್ಕೆ ನಾವು ಪಾಳಿ ಎನ್ನುತ್ತಿದ್ದೆವು. ಒಂದೇ ಒಂದು ಏಕತಾರಿ ಇತ್ತು; ಅದರ ಕೋಲು ನಮ್ಮ ಅಪ್ಪನ ಕೈಕೆಲಸ. ಅದು ಒಬ್ಬರಿಂದ ಒಬ್ಬರಿಗೆ ಸುತ್ತುತ್ತ ಬರುತ್ತಿತ್ತು. ಯಾರ ಕೈಗೆ ಬಂತೋ ಅವರು ಹಾಡಬೇಕು. ಯಾವ ಜಾತಿ, ಯಾವ ಊರು, ಕಂಠ ಇದೆಯೋ ಇಲ್ಲವೋ, ಯಾರೂ ಕೇಳುತ್ತಿರಲಿಲ್ಲ. ಸಂತೆಗೆ ಹೊರಟ ಲಂಬಾಣಿ ಹೆಣ್ಣುಮಗಳೊಬ್ಬಳು ತಲೆಯ ಮೇಲಿನ ಹೊರೆ ಇಳಿಸಿ, ತನ್ನ ಭಾಷೆಯಲ್ಲಿ ಹಾಡಿ, ಮತ್ತೆ ಹೊರೆ ಎತ್ತಿಸಿಕೊಂಡು ಹೋಗಿದ್ದಳು. ಯಾರಿಗೂ ಒಂದಕ್ಷರ ತಿಳಿಯಲಿಲ್ಲ, ಎಲ್ಲರೂ ತಲೆದೂಗಿದರು. ಇನ್ನೊಮ್ಮೆ ಠಾಣೆಯ ಜವಾನನೊಬ್ಬ ಭಾರಿ ಗತ್ತಿನಿಂದ ಶುರುಮಾಡಿ ನಡುವೆ ಮರೆತುಬಿಟ್ಟ. ಯಾರೋ ಕಿಸಕ್ಕನೆ ನಕ್ಕರು. ನಕ್ಕವರ ಹೆಸರು ಬರೆದುಕೊಳ್ಳುತ್ತೇನೆ ಎಂದು ಹೆದರಿಸಿದ. ಮುಂದಿನ ಅಮಾವಾಸ್ಯೆಗೆ ಅವನೇ ಎಲ್ಲರಿಗಿಂತ ಮೊದಲು ಬಂದು ಕೂತಿದ್ದ.

ಏಕತಾರಿ ಕಾಯುವವನು ಕುಂಬಾರ ನಿಂಗಪ್ಪಜ್ಜ. ಪಾಳಿಯ ರೀತಿ-ರಿವಾಜು ಅವನಿಗೇ ಗೊತ್ತು. ಯಾರ ಹಾಡೋ ಅದು ಅವರದೇ, ಅವರಿರುವ ತನಕ ಇನ್ನೊಬ್ಬರು ಅದನ್ನು ಬಾಯಿಗೆ ತರುವಂತಿಲ್ಲ. ಹೊಲದಲ್ಲಿ ಗುನುಗುವಂತೆಯೂ ಇಲ್ಲ. ಹಾಡಿನವರು ತೀರಿಕೊಂಡರೆ, ಮುಂದಿನ ಅಮಾವಾಸ್ಯೆಗೆ ಅವರು ಕೂಡುತ್ತಿದ್ದ ಜಾಗದಲ್ಲಿ ಗೋಣಿತಟ್ಟು ಹಾಸಿ, ಅದರ ಮೇಲೆ ಏಕತಾರಿ ಮಲಗಿಸುತ್ತಿದ್ದರು. ಆ ಹಾಡಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟು ಹೊತ್ತು ಎಲ್ಲರೂ ಸುಮ್ಮನೆ ಕೂಡಬೇಕು. ಹೀಗೆ ಹನ್ನೆರಡು ಅಮಾವಾಸ್ಯೆ. ಅಷ್ಟರೊಳಗೆ ಯಾರಾದರೂ ಆ ತಟ್ಟಿನ ಮೇಲೆ ಕೂತು, ತಪ್ಪಿಲ್ಲದೆ ಹಾಡಿದರೆ ಹಾಡು ಅವರದಾಗುತ್ತಿತ್ತು. ಇಲ್ಲವಾದರೆ ಅದು ಹೋದಂತೆಯೇ. ಬದುಕಿರುವವರು ತಮ್ಮ ಹಾಡನ್ನು ಮತ್ತೊಬ್ಬರಿಗೆ ಕೊಡಬಹುದಿತ್ತು. ಆದರೆ ಕೊಟ್ಟ ಸಾಲು ಕೊಟ್ಟವರ ಬಾಯಲ್ಲಿ ಮತ್ತೆ ಬರಕೂಡದು. "ಹಾಡ ಎರಡು ಬಾಯಾಗ ಇಟ್ರ ಹರಿದು ಹೋಗ್ತೈತಿ" ಎಂದು ಅಜ್ಜ ಹೇಳುತ್ತಿದ್ದ. ಇದು ಬರೀ ನೇಮದ ಮಾತು ಎಂದು ನಾನು ತಿಳಿದಿದ್ದೆ.

ಆ ಕಟ್ಟೆಯ ಮೌನದ ಬಗ್ಗೆ ಒಂದು ಮಾತು. ಐವತ್ತು ಅರವತ್ತು ಜನ ಹಗಲಿನ ಬಿಸಿಲಲ್ಲಿ ಒಟ್ಟಿಗೆ ಕೂತು ಬಾಯಿ ಮುಚ್ಚಿಕೊಂಡಿರುವುದನ್ನು ನೀವು ನೋಡಿದ್ದೀರಾ? ಕೂಸುಗಳು ಕೂಡ ಅಳುತ್ತಿರಲಿಲ್ಲ. ಎಲ್ಲರ ತಲೆಯೊಳಗೂ ಅದೇ ಹಾಡು ಅದೇ ನಡಿಗೆಯಲ್ಲಿ ನಡೆಯುತ್ತಿರುತ್ತಿತ್ತು. ಅದು ಮುಗಿಯುವ ಜಾಗಕ್ಕೆ ಬಂದಾಗ ಯಾರೂ ಹೇಳದೆ ಎಲ್ಲರೂ ಒಂದೇ ಸಲ ಉಸಿರು ಬಿಡುತ್ತಿದ್ದರು. ಕೆಲವೊಮ್ಮೆ ಗಾಳಿಗೋ ಏನೋ, ಮಲಗಿಸಿದ ಏಕತಾರಿಯ ತಂತಿ ತಾನೇ ಒಮ್ಮೆ ಝುಂ ಎನ್ನುತ್ತಿತ್ತು. ಆಗ ಅಜ್ಜ ಕಣ್ಣು ಮುಚ್ಚಿಕೊಂಡೇ, "ಹೂಂ, ಮುಂದ" ಎನ್ನುತ್ತಿದ್ದ. ಯಾರಿಗೆ ಹೇಳುತ್ತಿದ್ದನೋ.

ಪಿಂಜಾರ ಮೌಲಾಸಾಬನ ಮನೆ ಕಟ್ಟೆಯ ಎದುರಿಗೇ ಇತ್ತು. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ಹತ್ತಿ ಬಿಡಿಸುವ ಕಾಲ ಮುಗಿದ ಮೇಲೆ ಬಿಲ್ಲು ಹೆಗಲಿಗೇರಿಸಿ ಹನುಮಸಾಗರ, ಕುಷ್ಟಗಿ, ಕಾರಟಗಿ ಎಂದು ಊರೂರು ತಿರುಗಿ, ಗಾದಿ ತಲೆದಿಂಬು ತುಂಬಿಕೊಟ್ಟು, ಮಳೆ ಹಿಡಿಯುವ ಮುಂಚೆ ವಾಪಸು ಬರುತ್ತಿದ್ದ. ಊರಲ್ಲಿದ್ದರೆ ಅಮಾವಾಸ್ಯೆ ತಪ್ಪಿಸುತ್ತಿರಲಿಲ್ಲ. ಏಕತಾರಿಯನ್ನೂ ಬಿಲ್ಲಿನಂತೆಯೇ ಹಿಡಿಯುತ್ತಿದ್ದ. ಎರಡು ಭಾರದ ಮೀಟು, ಒಂದು ಬಿಡುವು. ಮತ್ತೆ ಎರಡು ಮೀಟು. ಅವನ ಹಾಡು ಅವನೇ ಕಟ್ಟಿದ್ದು. ಅದರ ತಿರುಳು ನೆನಪಿದೆ: ದೂರ ದುಡಿಯಲು ಹೋದವನೊಬ್ಬ ಮನೆಯ ದಾರಿ ತಪ್ಪಿ, ಮೊದಲು ಹಳ್ಳವನ್ನು ಕೇಳುತ್ತಾನೆ, ಆಮೇಲೆ ಗಿಡವನ್ನು, ಆಮೇಲೆ ತನ್ನ ನೆರಳನ್ನು. ಎಲ್ಲವೂ ಮುಂದೆ ಹೋಗು ಎನ್ನುತ್ತವೆ. ಕೊನೆಗೆ ಅವನು ತನ್ನದೇ ಮನೆಯ ಮುಂದೆ ನಿಂತು, ಇದು ಯಾರ ಮನೆ ಎಂದು ಹೊಸ್ತಿಲನ್ನು ಕೇಳುತ್ತಾನೆ. ಕಡೆಯ ಸಾಲಿನಲ್ಲಿ ಹೊಸ್ತಿಲು ಉತ್ತರ ಕೊಡುತ್ತದೆ.

ಆ ಸಾಲು ಕೇಳಿದಾಗೆಲ್ಲ ನನಗೆ ಮೈ ಝುಂ ಅನ್ನುತ್ತಿತ್ತು. ಹೊಸ್ತಿಲು ಮಾಡುವವರು ನಾವಲ್ಲವೇ! ಅವನ ಹೆಂಡತಿ ಹುಸೇನಬಿ ಎದುರಿನ ಮನೆಯ ಒಳಗೆ ಅಡಿಗೆ ಮಾಡುತ್ತಲೇ ಕೇಳುತ್ತಿದ್ದಳು. ಹೊಸ್ತಿಲಿನ ಸಾಲು ಬಂತೆಂದರೆ ಗಂಡ ಎದ್ದು ಬರುವ ಹೊತ್ತಾಯಿತೆಂದು ಅರ್ಥ. ಒಂದು ತಂಬಿಗೆ ನೀರು ತುಂಬಿ ತಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಊರಿಗೆಲ್ಲ ಗೊತ್ತಿದ್ದ ನೋಟ ಅದು.

ಯುದ್ಧ ನಡೆದು ಚಿಮಣಿ ಎಣ್ಣೆ ಸಿಗದಿದ್ದ ಕಾಲ. ಒಂದು ವರ್ಷ ಮೌಲಾಸಾಬ ಹೊರಟವನು ಬರಲಿಲ್ಲ. ಮಳೆಗಾಲದ ನಡುವೆ ಬಂಡಿಯವನೊಬ್ಬ ಅವನ ಬಿಲ್ಲನ್ನು ತಂದುಕೊಟ್ಟ. ಹಿರೇಹಳ್ಳದ ದಂಡೆಯ ಜಾಲಿಕಂಟಿಯಲ್ಲಿ ಸಿಕ್ಕಿತಂತೆ. ಹಳ್ಳ ಆ ವಾರ ದಂಡೆ ಮೀರಿ ಹರಿದಿತ್ತು. ಹೆಣ ಸಿಗಲಿಲ್ಲ. ಊರು ಕೆಲವು ತಿಂಗಳು ಕಾಯಿತು, ಆಮೇಲೆ ಹುಸೇನಬಿ ಬಳೆ ತೆಗೆದಳು, ಕಟ್ಟೆಯ ಮೇಲೆ ತಟ್ಟು ಹಾಸಿದರು.

ಹನ್ನೊಂದು ಅಮಾವಾಸ್ಯೆ ಯಾರೂ ಆ ತಟ್ಟಿನ ಹತ್ತಿರ ಹೋಗಲಿಲ್ಲ. ಹನ್ನೆರಡನೆಯದು ಬಂತು. ಅಜ್ಜ ಎಂದಿನಂತೆ ಯಾರಾದರೂ ತೊಗೊಳ್ಳುವವರು ಇದ್ದೀರಾ ಎಂದು ಕೇಳಲಿಲ್ಲ. "ಹೆಣಾ ನೋಡಿಲ್ಲ. ಈ ಹಾಡ ಮುಟ್ಟಬ್ಯಾಡ್ರಿ ಅಂತ ನನ್ನ ಜೀವ ಅಂತೈತಿ. ಬಿಟ್ರ ಇವತ್ತಿಗೆ ಹೋತು" ಎಂದ.

ನನಗಾಗ ಇಪ್ಪತ್ತರ ಆಸುಪಾಸು. ನನಗೆ ಹಾಡು ಎಂಬುದೇ ಇರಲಿಲ್ಲ. ನನ್ನ ಜೊತೆ ಸಾಲಿಗೆ ಬರುತ್ತಿದ್ದವನೊಬ್ಬ ಮಿಡಲ್ ಪಾಸಾಗಿ ಕೊಪ್ಪಳದಲ್ಲಿ ಕಾರಕೂನನಾಗಿದ್ದ. ಊರಿಗೆ ಬಂದಾಗಲೆಲ್ಲ ಕಟ್ಟೆಯ ಮೇಲೆ ಕೂತು ಉರ್ದು ಗಜಲು ಹೇಳಿ, ನನ್ನ ಕಡೆ ತಿರುಗಿ, "ಬಡಿಗೇರಣ್ಣಗ ಏಕತಾರಿ ಕೊಡಬ್ಯಾಡ್ರಿ, ಅದಕ್ಕೂ ಬಾಚಿ ಹಾಕ್ಯಾನು" ಎನ್ನುತ್ತಿದ್ದ. ಅವನು ಆಡಿದ್ದು ಸುಳ್ಳೇನಲ್ಲ, ನನ್ನ ಕಂಠವೇ ಹಾಗಿತ್ತು. ಗಂಟುಬಿದ್ದ ಜಾಲಿಕಟ್ಟಿಗೆಯಲ್ಲಿ ಗರಗಸ ಎಳೆದಂತೆಯೇ ಇತ್ತು. ಆ ದಿನವೂ ಅವನು ಅಲ್ಲಿದ್ದ. ನಾನು ಎದ್ದೆ. ಹಾಡು ಉಳಿಯಲಿ ಎಂದು ಎದ್ದೆನೋ, ಅವನ ನಗು ನಿಲ್ಲಲಿ ಎಂದು ಎದ್ದೆನೋ, ಇವತ್ತಿಗೂ ಬಿಡಿಸಿ ಹೇಳಲಾರೆ. ತಟ್ಟಿನ ಮೇಲೆ ಕೂತೆ. ಏಕತಾರಿ ಎತ್ತಿಕೊಂಡೆ.

ಕೈ ತಾನಾಗಿ ಎರಡು ಮೀಟು ಮೀಟಿ ಒಂದು ಬಿಡುವು ಕೊಟ್ಟಿತು. ಬಾಯಿ ತೆರೆದೆ. ಗರಗಸದ ಸದ್ದು ಬರಲಿಲ್ಲ. ಬಂದದ್ದು ಮೌಲಾಸಾಬನ ದನಿ ಎಂದು ನಾನು ಹೇಳಿದರೆ ನೀವು ನಂಬಬೇಕಿಲ್ಲ. ಆದರೆ ಎದುರಿಗಿದ್ದ ಮುದುಕರೆಲ್ಲ ನನ್ನ ಮುಖ ನೋಡುವುದು ಬಿಟ್ಟು ನೆಲ ನೋಡತೊಡಗಿದರು. ಹೊಸ್ತಿಲಿನ ಸಾಲು ಬಂತು. ಎದುರು ಮನೆಯಲ್ಲಿ ಕೊಡ ಬಗ್ಗಿಸುವ ಸಪ್ಪಳವಾಯಿತು. ಹುಸೇನಬಿ ತಂಬಿಗೆ ಹಿಡಿದು ಬಾಗಿಲಿಗೆ ಬಂದು, ನನ್ನನ್ನು ನೋಡಿ ನಿಂತಳು. ಅದನ್ನು ಒಳಗೆ ಒಯ್ಯಲೂ ಮನಸ್ಸಾಗದೆ ಹೊಸ್ತಿಲ ಪಕ್ಕ ಇಟ್ಟು ಹೋದಳು. ಮರುದಿನ ಬೆಳಿಗ್ಗೆ ತಂಬಿಗೆ ಖಾಲಿ ಇತ್ತಂತೆ. ಆಡು ಕುಡಿದಿರಬೇಕು ಎಂದು ಅವಳು ನಮ್ಮ ಅವ್ವನ ಮುಂದೆ ಹೇಳಿದಳು. ನಮ್ಮ ಓಣಿಯಲ್ಲಿ ಆಗ ಆಡು ಇರಲಿಲ್ಲ. ಇನ್ನು ಹಾಡಬೇಡ ಎಂದು ಅವ್ವ ಕೈಮುಗಿದಳು.

ನಾನು ಬಿಡಲಿಲ್ಲ. ಬಿಡುವುದು ಹೇಗೆ? ಎರಡು ವರ್ಷ ಹಾಡಿದೆ. ಕುಕನೂರಿನಿಂದ ಜನ ಬಂಡಿ ಕಟ್ಟಿಕೊಂಡು ಹಿಂದಿನ ದಿನವೇ ಬಂದು ಇಳಿಯುತ್ತಿದ್ದರು. ಕಾರಕೂನ ಕಟ್ಟೆಗೆ ಬರುವುದನ್ನೇ ಬಿಟ್ಟ. ನಾಲ್ಕನೇ ಇಯತ್ತೆ ಎಂದು ಯಾರೂ ಆಡಿಕೊಳ್ಳಲಿಲ್ಲ. ಬರೀ ಒಂದು ಸಣ್ಣ ಸಂಗತಿ: ನಾನು ಕಟ್ಟಿಗೆಯ ಕೆಲಸದವನು, ನನ್ನ ಅಂಗಿಯ ಮೇಲೆ ಹೊಟ್ಟು ಇರಬೇಕು. ಅಮಾವಾಸ್ಯೆಯ ಮರುದಿನ ಅವ್ವ ಅಂಗಿ ಒಗೆಯುವಾಗ ಹೆಗಲಿನಿಂದ ಹತ್ತಿಯ ಎಳೆ ಬಿಡಿಸುತ್ತಿದ್ದಳು.

ಮೂರನೆಯ ಬೇಸಿಗೆಯ ಅಮಾವಾಸ್ಯೆ. ಏಕತಾರಿ ಇನ್ನೇನು ನನ್ನ ಕೈಗೆ ಬರಬೇಕು, ಅಗಸಿಯ ಕಡೆಯಿಂದ ಒಬ್ಬ ನಡೆದು ಬಂದ. ಮೈ ಸೊರಗಿತ್ತು. ಮುಖದ ತುಂಬ ಸಿಡುಬಿನ ಕಲೆ, ಒಂದು ಕಣ್ಣು ಬೆಳ್ಳಗೆ. ಅವನು ಯಾರನ್ನೂ ಮಾತಾಡಿಸದೆ ನೇರವಾಗಿ ನಾನು ಕೂತಿದ್ದ ಜಾಗಕ್ಕೆ ಬಂದು, "ಸ್ವಲ್ಪ ಸರಿಯಪಾ ತಮ್ಮಾ" ಎಂದ. ನಾನು ಸರಿದೆ. ಏಕತಾರಿ ಕೇಳಿ ಇಸಿದುಕೊಂಡ. ಎರಡು ಭಾರದ ಮೀಟು, ಒಂದು ಬಿಡುವು.

ಬಾಯಿ ತೆರೆದ. ಮಾತು ಬರಲಿಲ್ಲ. ಮತ್ತೆ ಮೀಟಿದ, ಮತ್ತೆ ತೆರೆದ. ಮೂರನೆಯ ಸಲ ಏಕತಾರಿ ಕೆಳಗಿಟ್ಟು ನನ್ನ ಕಡೆ ತಿರುಗಿದ.

"ನನ್ನ ಹಾಡ ನಿನ್ನ ಹಂತ್ಯಾಕ ಐತಿ, ಅಲ್ಲ ತಮ್ಮಾ?"

ಬಳ್ಳಾರಿಯ ಆಚೆ ಎಲ್ಲೋ ಸಿಡುಬು ಎದ್ದು, ಯಾವುದೋ ಛತ್ರದ ಮೂಲೆಯಲ್ಲಿ ಎಷ್ಟು ಕಾಲ ಬಿದ್ದಿದ್ದನೋ ತನಗೇ ಗೊತ್ತಿಲ್ಲ ಎಂದ. ಬಿಲ್ಲು ಎಲ್ಲಿ ಕಳೆಯಿತೋ ಗೊತ್ತಿಲ್ಲ. ಎದ್ದು ನಡೆಯಲು ಬಂದ ಮೇಲೆ ಕಾಲು ಇತ್ತ ತಂದವು. ಹುಸೇನಬಿಯ ಅಣ್ಣ ಆ ದಿನ ಊರಲ್ಲಿದ್ದ. ತಂಗಿಯನ್ನು ಗಂಗಾವತಿಗೆ ತನ್ನ ಮನೆಗೆ ಕರೆದೊಯ್ಯುವ ಮಾತಾಡಲು ಬಂದಿದ್ದ. ಮುಖ ಗುರುತಿಲ್ಲದವನನ್ನು ಮನೆಯೊಳಗೆ ಬಿಟ್ಟುಕೊಳ್ಳುವುದು ಹೇಗೆ ಎಂದ. ಎಲ್ಲರೂ ಹುಸೇನಬಿಯನ್ನು ನೋಡಿದರು. ಅವಳು ಬಾಗಿಲಲ್ಲೇ ನಿಂತು, ಬಹಳ ಹೊತ್ತು ನೋಡಿ, ಹೀಗೆಂದಳು:

"ಕೈ ಅವರದ ಅದಾವ. ಮುಖಾ ಗುರುತು ಸಿಗವಲ್ದು. ಹಾಡಲಿ. ಹೊಸ್ತಿಲು ಮಾತಾಡೂ ತನಕ ಹಾಡಲಿ. ಅವತ್ತ ನೀರು ಕೊಡ್ತೀನಿ."

ಅಣ್ಣ ಮುಂದಿನ ಅಮಾವಾಸ್ಯೆಯವರೆಗೆ ಕಾಯಲು ಒಪ್ಪಿದ. ಹಾಡನ್ನು ತಿರುಗಿ ಕೊಡು ಎಂದು ಅಜ್ಜ ನನಗೆ ಹೇಳಿದ. ಎದುರುಬದುರು ಕೂತು, ಒಂದೊಂದೇ ಸಾಲು.

ಆ ಒಂದು ತಿಂಗಳು ಮೌಲಾಸಾಬ ನಮ್ಮ ಕೆಲಸದ ಚಪ್ಪರದಲ್ಲಿ ಮಲಗಿದ. ತನ್ನ ಮನೆ ಕಣ್ಣಿಗೆ ಕಾಣುವಷ್ಟು ಹತ್ತಿರ, ಒಳಗೆ ಹೋಗುವಂತಿಲ್ಲ. ನಾನು ದಿನ ದೂಡಿದೆ. ಬಂಡಿಯ ಕೆಲಸ ಮುಗಿಯಲಿ ಎಂದೆ, ಬಿತ್ತುವ ಕೂರಿಗೆ ಮುಗಿಯಲಿ ಎಂದೆ. ಅವನು ಒಮ್ಮೆಯೂ ಅವಸರ ಮಾಡಲಿಲ್ಲ. ಕಟ್ಟಿಗೆಯ ಚೆಕ್ಕೆಗಳ ಮೇಲೆ ಕೂತು, ಒಳ್ಳೆಯ ಕಣ್ಣಿನಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದ. ಕೈ ಕೆಲಸ ಮಾಡುವಾಗ ನಿಮ್ಮ ಬಾಯಿಯನ್ನು ಒಬ್ಬರು ದಿನವಿಡೀ ನೋಡುತ್ತಿದ್ದರೆ ಹೇಗಿರುತ್ತದೆ, ಯೋಚಿಸಿ. ನೀರು ಕುಡಿಯಲೂ ನನಗೆ ಮುಜುಗರವಾಗತೊಡಗಿತು.

ಕೊನೆಯ ವಾರ ಕೊಡಲು ಕೂತೆ. ಹಳ್ಳವನ್ನು ಕೇಳುವ ನುಡಿ ಕೊಟ್ಟೆ. ಅವನು ನನ್ನ ಹಿಂದೆಯೇ ಹೇಳಿದ, ಚೆನ್ನಾಗಿಯೇ ಹೇಳಿದ. ಮರುದಿನ ಗರಗಸ ಎಳೆಯುವಾಗ ಅಭ್ಯಾಸಬಲದಿಂದ ಆ ನುಡಿಯನ್ನು ಮನಸ್ಸಿನಲ್ಲೇ ಹುಡುಕಿದೆ. ಇರಲಿಲ್ಲ. ಮರೆತಂತಲ್ಲ, ಮರೆತರೆ ತುದಿಯಾದರೂ ಸಿಗುತ್ತದೆ. ಇದು ಗೋಡೆಯಿಂದ ಗೂಟವನ್ನೇ ಕಿತ್ತು, ತೂತಿಗೂ ಮಣ್ಣು ಮೆತ್ತಿದ ಹಾಗೆ. ಅವತ್ತು ನಾನು ನಿಜವಾಗಿ ಹೆದರಿದೆ. ಗಿಡದ ನುಡಿ ಕೊಟ್ಟೆ, ಅದೂ ಹೋಯಿತು. ನೆರಳಿನದು ಕೊಟ್ಟೆ, ಹೋಯಿತು. ಅಮಾವಾಸ್ಯೆಯ ಹಿಂದಿನ ದಿನ ಉಳಿದದ್ದು ಹೊಸ್ತಿಲಿನ ನುಡಿ. ಇದು ಯಾರ ಮನೆ ಎಂಬ ಪ್ರಶ್ನೆಯವರೆಗೆ ಕೊಟ್ಟೆ. ಕಡೆಯ ಸಾಲು ನಾಲಿಗೆಯ ತುದಿಗೆ ಬಂತು. ಕೊಟ್ಟರೆ ನಾಳೆಯಿಂದ ನಾನು ಮತ್ತೆ ನಾಲ್ಕನೇ ಇಯತ್ತೆ ಬಿಟ್ಟ ಬಡಿಗ, ಬಾಯಿಯಲ್ಲಿ ಗರಗಸ. ಸಾವಿರ ಹೊಸ್ತಿಲು ಕೆತ್ತಿದ ಮನೆತನಕ್ಕೆ ಹೊಸ್ತಿಲಿನ ಒಂದು ಮಾತು ಇರಬಾರದೇ ಎಂದು ನನಗೆ ನಾನೇ ನ್ಯಾಯ ಹೇಳಿಕೊಂಡೆ.

"ಇಷ್ಟ, ಕಾಕಾ" ಎಂದೆ.

"ಹೊಸ್ತಿಲು ಏನೋ ಅಂತಿತ್ತಲ್ಲೋ?"

"ಏನೂ ಅನ್ನೂದಿಲ್ಲ. ಅಲ್ಲಿಗೇ ಮುಗೀತೈತಿ."

ಅವನು ನನ್ನ ಬಾಯಿಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಲೆಯಾಡಿಸಿದ.

ಮರುದಿನ ಕಟ್ಟೆ ತುಂಬಿತ್ತು. ಹುಸೇನಬಿಯ ಅಣ್ಣನ ಬಂಡಿ ಅಗಸಿಯ ಹೊರಗೆ ನಿಂತಿತ್ತು. ಮೌಲಾಸಾಬ ತನ್ನ ಜಾಗದಲ್ಲಿ ಕೂತು ಮೀಟಿದ. ಹಳ್ಳ ಬಂತು, ಗಿಡ ಬಂತು, ನೆರಳು ಬಂತು. ದನಿ ಹಳೆಯದೇ. ಮುದುಕರ ಕಣ್ಣಲ್ಲಿ ನೀರು. ಹುಸೇನಬಿ ತಂಬಿಗೆ ತುಂಬಿಕೊಂಡು ಬಾಗಿಲಿಗೆ ಬಂದಳು, ಈ ಸಲ ಹೊಸ್ತಿಲು ದಾಟಿ ಒಂದು ಹೆಜ್ಜೆ ಮುಂದೆ ನಿಂತಳು. ಅವನು ಹೊಸ್ತಿಲನ್ನು ಕೇಳಿದ, ಇದು ಯಾರ ಮನೆ ಎಂದು. ಎರಡು ಮೀಟು. ಬಿಡುವು. ಬಾಯಿ ತೆರೆದೇ ಇತ್ತು.

ಅಲ್ಲಿ ಕೂತಿದ್ದವರಲ್ಲಿ ಮುಕ್ಕಾಲು ಜನರಿಗೆ ಆ ಸಾಲು ಗೊತ್ತಿತ್ತು. ಒಬ್ಬರ ತುಟಿಯೂ ಅಲುಗಲಿಲ್ಲ. ಅದು ಅವರ ಹಾಡಲ್ಲ. ಎಲ್ಲರೂ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಿದರೆ ನಾನು ಕದ್ದಿಟ್ಟುಕೊಂಡದ್ದು ಊರಿಗೆಲ್ಲ ತಿಳಿಯುತ್ತಿತ್ತು. ನಾನು ನನ್ನ ಕೈಗಳನ್ನು ನೋಡುತ್ತ ಕೂತೆ. ಮೌನ ಶುರುವಾಯಿತು. ಖಾಲಿ ತಟ್ಟಿನ ಮುಂದೆ ಕೂಡುತ್ತಿದ್ದೆವಲ್ಲ, ಅದೇ ಮೌನ. ಈ ಸಲ ಆ ಜಾಗದಲ್ಲಿ ಮನುಷ್ಯ ಕೂತಿದ್ದ. ಆ ಸಾಲು ಮುಗಿಯಬೇಕಾದ ಹೊತ್ತಿಗೆ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ಆಗ ಅವನು ಸತ್ತವರ ಲೆಕ್ಕಕ್ಕೆ ಸೇರಿಬಿಟ್ಟ.

"ಹೊಸ್ತಿಲು ಮಾತಾಡಲಿಲ್ಲ" ಎಂದಳು ಹುಸೇನಬಿ. ತಂಬಿಗೆಯ ನೀರನ್ನು ನೆಲಕ್ಕೆ ಸುರಿದಳು. ಗೋಡೆಗೆ ಆನಿಸಿದ್ದ ಹಳೆಯ ಬಿಲ್ಲನ್ನು ತಂದು ಕಟ್ಟೆಯ ಅಂಚಿಗಿಟ್ಟು, ಬಂಡಿಯ ಕಡೆ ನಡೆದಳು. ತಿರುಗಿ ನೋಡಲಿಲ್ಲ.

ಮೌಲಾಸಾಬ ಬಿಲ್ಲನ್ನು ಹೆಗಲಿಗೇರಿಸಿದ. ನನ್ನ ಮುಂದೆ ಬಂದು ನಿಂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು.

"ಒಂದು ಸಾಲು ನಿನ್ನ ಹಂತ್ಯಾಕ ಉಳದೈತಿ. ಇರ್ಲಿ. ಜೋಪಾನ ಇಡು. ಕೇಳಾಕ ಬರ್ತೀನಿ."

ಕುಕನೂರಿನ ದಾರಿ ಹಿಡಿದು ಹೋದ. ಅವನು ಕಣ್ಮರೆಯಾದ ಮೇಲೂ ಬಹಳ ಹೊತ್ತು ಬಿಲ್ಲಿನ ಶಬ್ದ ಕೇಳುತ್ತಿತ್ತು. ನಡೆಯುವಾಗ ಯಾರೂ ಹತ್ತಿ ಹಿಂಜುವುದಿಲ್ಲ. ಅಜ್ಜ ಏಕತಾರಿಯನ್ನು ಬಟ್ಟೆಯಲ್ಲಿ ಸುತ್ತುತ್ತ, "ಬಡಿಗ್ಯಾ, ಅಳತಿ ತಪ್ಪಿದೆಲ್ಲೋ" ಎಂದಷ್ಟೇ ಹೇಳಿದ. ಕೆಲಸಗಾರನಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಆಮೇಲೆ ಮೌಲಾಸಾಬನನ್ನು ಕಂಡವರು ಸಿಕ್ಕರು. ಹನುಮಸಾಗರದಲ್ಲಿ ಗಾದಿ ತುಂಬಿದ ಎಂದು ಒಬ್ಬರು, ಕಾರಟಗಿಯಲ್ಲಿ ಎಂದು ಒಬ್ಬರು. ಒಬ್ಬರು ಹೇಳಿದ ಮುಖ ಇನ್ನೊಬ್ಬರು ಹೇಳಿದ ಮುಖಕ್ಕೆ ಹೊಂದುತ್ತಿರಲಿಲ್ಲ. ಹುಸೇನಬಿ ಗಂಗಾವತಿಯಲ್ಲೇ ತೀರಿಕೊಂಡಳು. ನಾನು ಮತ್ತೆ ಕಟ್ಟೆಯ ಮೇಲೆ ಹಾಡಲಿಲ್ಲ. ಒಂದೇ ಸಾಲು ಇದ್ದವನು ಏನು ಹಾಡಿಯಾನು? ಬಾಗಿಲು ಮಾಡಿದೆ, ಚೌಕಟ್ಟು ಮಾಡಿದೆ. ಹೊಸ್ತಿಲು ಮಾತ್ರ ಮಾಡಲಾಗಲಿಲ್ಲ. ಕಟ್ಟಿಗೆಗೆ ಉಳಿ ತಾಗಿಸಿದ ಕೂಡಲೇ ಆ ಸಾಲು ಗಂಟಲಿಗೆ ಬಂದು ನಿಲ್ಲುತ್ತಿತ್ತು. ಹೊಸ್ತಿಲು ಬೇರೆಯವರ ಕಡೆ ಮಾಡಿಸಿಕೊಳ್ಳಿ ಎಂದರೆ ಜನ ನಗುತ್ತಿದ್ದರು, ಬಡಿಗೇರನಿಗೆ ಸೊಕ್ಕು ಎನ್ನುತ್ತಿದ್ದರು. ಸೊಕ್ಕು ಎನ್ನಿಸಿಕೊಳ್ಳುವುದೇ ನನಗೆ ವಾಸಿ ಎನ್ನಿಸಿತು. ವರ್ಷಕ್ಕೆ ಒಂದೋ ಎರಡೋ ಅಮಾವಾಸ್ಯೆ, ನಡು ಮಧ್ಯಾಹ್ನ, ತೊಂಯ್ ಎಂದು ಕೇಳುತ್ತಿತ್ತು. ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಇಷ್ಟು ಬರೆದು, ಆ ಸಾಲು ಬರೆಯಲು ಹೊಸ ಹಾಳೆ ತಿರುವಿದೆ. ಆಗ ಮತ್ತೆ ಕೇಳಿತು. ಎರಡು ಮೀಟು, ಒಂದು ಬಿಡುವು. ಪೆನ್ನು ಕೆಳಗಿಟ್ಟೆ. ನಿಮಗೆ ಹೇಳಿದರೆ ನಾನು ಹಗುರಾಗಬಹುದು, ಆದರೆ ಕೇಳಲು ಬಂದವರು ನೀವಲ್ಲ.

ಒಂದು ತಂಬಿಗೆ ನೀರು ತುಂಬಿಕೊಂಡು ಹೊರಟೆ. ಕಟ್ಟೆಗೆ ಈಗ ಸಿಮೆಂಟು ಬಳಿದು ನಳ ಹಾಕಿದ್ದಾರೆ, ಯಾರೂ ಕೂಡುವುದಿಲ್ಲ. ಎದುರಿನ ಮನೆಯ ಗೋಡೆ ಬಿದ್ದು ಮಣ್ಣಾಗಿದೆ. ಸಾಗವಾನಿ ಹೊಸ್ತಿಲು ಮಾತ್ರ ಇದ್ದಲ್ಲೇ ಇದೆ. ನಮ್ಮ ಅಪ್ಪ ಕೂರಿಸಿದ್ದು. ಅದರ ಮೇಲೆ ತಂಬಿಗೆ ಇಟ್ಟೆ. ಬಿಸಿಲಲ್ಲಿ ನಿಂತು, ಗರಗಸದ ಕಂಠದಲ್ಲಿಯೇ, ಆ ಸಾಲು ಹಾಡಿದೆ. ಗಟ್ಟಿಯಾಗಿ, ಪೂರ್ತಿ. ಒಂದು ಮೀಟಿನಷ್ಟು ಹೊತ್ತು ಊರಿನ ಯಾವ ಸದ್ದೂ ಕೇಳಿಸಲಿಲ್ಲ. ಆಮೇಲೆ ಎಲ್ಲೋ ಒಂದು ಕೂಸು ಅತ್ತಿತು, ಎಲ್ಲೋ ಮಷೀನು ಓಡಿತು. ಬಿಲ್ಲು ಮತ್ತೆ ಕೇಳಲಿಲ್ಲ. ತಂಬಿಗೆಯನ್ನು ಅಲ್ಲೇ ಬಿಟ್ಟು ಬಂದೆ.

ಬಾಗಿಲಲ್ಲಿ ಸೊಸೆ ನಿಂತಿದ್ದಳು. ಬಿಸಿಲಲ್ಲಿ ನಿಂತು ಏನು ಹಾಡುತ್ತಿದ್ದಿರಿ ಎಂದು ಕೇಳಿದಳು. ಹೇಳಲು ಬಾಯಿ ತೆರೆದೆ. ನಿಮಗೆ ಮಾತು ಕೊಟ್ಟಿದ್ದೆನಲ್ಲ, ಬರೆಯೋಣವೆಂದು ಹಾಳೆಯ ಮುಂದೆಯೂ ಕೂತೆ. ದೀಪ ಹಚ್ಚುವ ಹೊತ್ತಾಯಿತು. ಬರಲಿಲ್ಲ. ತುದಿಯೂ ಸಿಗಲಿಲ್ಲ. ಗೂಟ ಕಿತ್ತ ಜಾಗ ನುಣ್ಣಗಿದೆ. ಕ್ಷಮಿಸಿ. ನಾಳೆ ಬೆಳಿಗ್ಗೆ ಮಗನಿಗೆ ಹೇಳಿ ಒಂದು ಒಳ್ಳೆಯ ತೊಲೆ ಇಳಿಸಿಕೊಳ್ಳಬೇಕು. ಬಹಳ ವರ್ಷವಾಯಿತು, ಒಂದು ಹೊಸ್ತಿಲು ಕೆತ್ತಬೇಕು.

ಈಗ ನನ್ನ ಹತ್ತಿರ ಇರುವುದು: ಮನೆ ಒಂದು. ಮಗ ಒಬ್ಬ, ಸೊಸೆ ಒಬ್ಬಳು, ಮೊಮ್ಮಗಳು ಒಬ್ಬಳು. ಬಾಚಿ ಎರಡು, ಉಳಿ ಏಳು, ಗರಗಸ ಒಂದು. ಹಲ್ಲು ಒಂಬತ್ತು. ತಂಬಿಗೆ ಮೂರಿದ್ದವು, ಈಗ ಎರಡು. ಹಾಡಿನ ಸಾಲು ಒಂದಿತ್ತು, ಈಗ ಇಲ್ಲ.